ಜೇನುಪೆಟ್ಟಿಗೆ ಇಡುವ ಮೊದಲು ಬದು ನೋಡಿ

"ಸರ್, ಹೂ ಬೇಕಾದಷ್ಟು ಬಿಡ್ತಿದೆ. ಕಾಯಿ ಮಾತ್ರ ಕಚ್ತಾ ಇಲ್ಲ."

ಬೆಳೆ ಕೀಟಗಳ ಕೆಲಸ ಮಾಡುವ ನನಗೆ ಈ ಫೋನ್ ಹೊಸದಲ್ಲ. ಗೊಬ್ಬರ ಆಗಿದೆ, ನೀರೂ ಆಗಿದೆ. "ಎರಡು ಜೇನುಪೆಟ್ಟಿಗೆ ತಂದಿಟ್ಟರೆ ಸರಿಹೋಗುತ್ತಾ?" ಅನ್ನುವುದು ಮುಂದಿನ ಪ್ರಶ್ನೆ. ಇಡಬಹುದು. ಆದರೆ ನಾನು ಹೋದಾಗ ಮೊದಲು ಸುತ್ತುವುದು ಹೊಲದ ಬದುವನ್ನು.

ಇತ್ತೀಚೆಗೆ ನೋಡಿದ ಒಂದು ಕುಂಬಳದ ಹೊಲದ ವಿಷಯ ಹೇಳುತ್ತೇನೆ. ಕುಂಬಳಕ್ಕೆ ಬೆಳಕು ಹರಿಯುವಾಗಲೇ ಹೋಗಬೇಕು. ಹೆಣ್ಣು ಹೂವು ಅರಳುವುದು ಒಂದೇ ಬೆಳಿಗ್ಗೆ, ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಗಂಡು ಹೂವಿನ ಪರಾಗ ದಪ್ಪ, ಅಂಟಂಟು. ಗಾಳಿಗೆ ಅದನ್ನು ಹೊರಲು ಆಗದು. ಆ ನಾಲ್ಕಾರು ಗಂಟೆಯೊಳಗೆ ಕೀಟ ಬಂದರೆ ಬಂತು. ಬಾರದಿದ್ದರೆ ಹೂವಿನ ಬುಡದ ಮಿಡಿ ಹಳದಿಯಾಗಿ ಉದುರುತ್ತದೆ. ಅರೆಬರೆ ಬಂದು ಹೋದರೆ ಕಾಯಿ ಸೊಟ್ಟಗಾಗುತ್ತದೆ.

ಅಲ್ಲಿ ಬೇಲಿಯ ಪಕ್ಕದ ಹೂಗಳ ಮುಂದೆ ಹತ್ತು ನಿಮಿಷ ಕೂತೆ. ಎಣಿಕೆ ತಪ್ಪುವಷ್ಟು ಓಡಾಟ. ಹೊಲದ ನಡುವೆ ಹೋಗಿ ಇನ್ನೂ ಹತ್ತು ನಿಮಿಷ ಕೂತೆ. ಆಕಳಿಕೆ ಬಂತು! ಅದೇ ತಳಿ, ಅದೇ ನೀರು, ಅದೇ ದಿನ. ಬೇಲಿಯಿಂದ ಎಷ್ಟು ದೂರ ಅನ್ನುವುದಷ್ಟೇ ಬೇರೆ.

ಜೇನು ಅಂದರೆ ನಮ್ಮ ಕಣ್ಣಿಗೆ ಪೆಟ್ಟಿಗೆಯೇ ಬರುತ್ತದೆ. ಆದರೆ ಜಗತ್ತಿನಲ್ಲಿ ಜೇನಿನ ಜಾತಿಯ ನೊಣಗಳು 20,000ಕ್ಕೂ ಹೆಚ್ಚಿವೆ. ಅವುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬದುಕುತ್ತವೆ, ತುಪ್ಪ ಕೂಡಿಡುವುದಿಲ್ಲ. ಬಹುಪಾಲು ಜಾತಿಗಳ ಗೂಡು ಮಣ್ಣಿನೊಳಗೆ. ಪೆಟ್ಟಿಗೆಯ ಜೇನು ಕೆಲವು ಕಿಲೋಮೀಟರ್ ದೂರ ಹೋಗಿ ಬರಬಲ್ಲದು. ಈ ಪುಟ್ಟವು ಹೋಗುವುದು ಕೆಲವು ನೂರು ಮೀಟರ್ ಅಷ್ಟೇ. ಪ್ರತಿ ಸಲ ಪರಾಗ ಹೊತ್ತು ಗೂಡಿಗೆ ವಾಪಸ್ ಬರಬೇಕಲ್ಲ. ಹಾಗಾಗಿ ಒಂದೇ ಬೆಳೆಯ ದೊಡ್ಡ ಹೊಲದ ನಡುಭಾಗ ಇವುಗಳ ಪಾಲಿಗೆ ಪರದೇಶ. ಅಷ್ಟೇ ಜಾಗವನ್ನು ಸಣ್ಣ ಸಣ್ಣ ತುಂಡು ಮಾಡಿ ನಡುವೆ ಬದು ಬಿಟ್ಟರೆ, ಯಾವ ಹೂವೂ ಗೂಡಿನಿಂದ ತೀರಾ ದೂರವಾಗುವುದಿಲ್ಲ.

ಅದೇ ಹೊಲದ ಬದುವಿನಲ್ಲಿ ಪೆನ್ಸಿಲ್ ದಪ್ಪದ ತೂತುಗಳಿದ್ದವು. ಸುತ್ತ ಜರಡಿ ಹಿಡಿದಂಥ ಪುಡಿಮಣ್ಣು. ರೈತರು ಇರುವೆ ಗೂಡು ಅಂದುಕೊಂಡಿದ್ದರು. "ಸುಮ್ನೆ ನೋಡ್ತಾ ಇರಿ" ಅಂದೆ. ಸ್ವಲ್ಪ ಹೊತ್ತಿಗೆ ಕಾಲಿಗೆಲ್ಲ ಹಳದಿ ಮೆತ್ತಿಕೊಂಡ ನೊಣವೊಂದು ಬಂದು ಒಳಗಿಳಿಯಿತು. ಹೊರಬಂದಾಗ ಕಾಲು ಸ್ವಚ್ಛ. ಒಳಗೆ ಅದು ಪರಾಗ, ಮಕರಂದ ಕಲಸಿ ಉಂಡೆ ಮಾಡಿ, ಅದರ ಮೇಲೆ ಒಂದು ಮೊಟ್ಟೆ ಇಟ್ಟು, ಆ ಕೋಣೆಯನ್ನು ಮುಚ್ಚಿಬಿಡುತ್ತದೆ. ಮರಿ ತಿಂಗಳುಗಟ್ಟಲೆ ಅಲ್ಲೇ ಇರಬಹುದು. ಬದುವನ್ನು ಒಮ್ಮೆ ಆಳವಾಗಿ ಉತ್ತರೆ, ಮುಂದಿನ ಹಂಗಾಮಿನ ಕೆಲಸದವರೆಲ್ಲ ಹೋದಂತೆ.

ಗೂಡು ಇದ್ದರಷ್ಟೇ ಸಾಲದು, ಊಟವೂ ಬೇಕು. ಸೂರ್ಯಕಾಂತಿಯೋ ಸಾಸಿವೆಯೋ ಹೂಬಿಟ್ಟಾಗ ಕೆಲವು ವಾರ ತಿಂದಷ್ಟೂ ಮುಗಿಯದು. ಅದು ಮುಗಿದ ಮರುವಾರ? ಬದುವಿನ ಕಳೆಹೂವು, ಬೇಲಿಯ ಪೊದೆ, ಪಕ್ಕದ ಬೇರೆ ಬೆಳೆ ಇಲ್ಲದಿದ್ದರೆ ಉಪವಾಸವೇ ಗತಿ. ಕಳೆನಾಶಕ ಹೊಡೆದು ಬದು ಬೋಳು ಮಾಡುವುದು ನನಗಂತೂ ಕೀಟನಾಶಕದಷ್ಟೇ ಚಿಂತೆಯ ವಿಷಯ. ಹಾಗಂತ ದಟ್ಟ ಕಾಡೇ ಬೇಕೆಂದೇನಿಲ್ಲ. ಮಣ್ಣಲ್ಲಿ ಗೂಡು ಮಾಡುವ ಎಷ್ಟೋ ಜಾತಿಗಳಿಗೆ ಬಿಸಿಲು ಬೀಳುವ ಬರಿಮಣ್ಣೇ ಇಷ್ಟ.

ಕಾಡು ಹತ್ತಿರವಿದ್ದರೆ ಲಾಭ ಇಲ್ಲವೆಂದಲ್ಲ. ಕೋಸ್ಟರಿಕಾದ ಒಂದು ಕಾಫಿ ತೋಟದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕಾಡಿನಿಂದ ಸುಮಾರು ಒಂದು ಕಿಲೋಮೀಟರ್ ಒಳಗಿದ್ದ ಗಿಡಗಳಲ್ಲಿ ಇಳುವರಿ 20% ಜಾಸ್ತಿ ಇತ್ತು. ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳದ್ದು ಇದಕ್ಕೆ ತದ್ವಿರುದ್ಧ ಕಥೆ. ಕಣ್ಣು ಹಾಯಿಸಿದಷ್ಟೂ ಬಾದಾಮಿ. ಪ್ರತಿ ಫೆಬ್ರುವರಿ ಹೊತ್ತಿಗೆ ಸುಮಾರು 20 ಲಕ್ಷ ಪೆಟ್ಟಿಗೆಗಳು ಲಾರಿಗಳಲ್ಲಿ ಬಂದಿಳಿಯಬೇಕು. ಬಾಡಿಗೆ ಜೇನಿಲ್ಲದೆ ಅಲ್ಲಿ ಫಸಲಿಲ್ಲ.

ಪೆಟ್ಟಿಗೆಯಿಂದ ಎಲ್ಲ ಕೆಲಸವೂ ಆಗುವುದಿಲ್ಲ. ಟೊಮೇಟೊ ಹೂವಿನ ಪರಾಗ ಉಪ್ಪಿನ ಡಬ್ಬಿಯೊಳಗೆ ಇದ್ದ ಹಾಗೆ, ಅಲ್ಲಾಡಿಸಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಕಪ್ಪು ದುಂಬಿಯಂಥವು ಹೂವನ್ನು ಹಿಡಿದು ಝುಂಯ್ ಎಂದು ನಡುಗಿಸುತ್ತವೆ. ಪೆಟ್ಟಿಗೆಯ ಜೇನಿಗೆ ಆ ವಿದ್ಯೆ ಗೊತ್ತಿಲ್ಲ. ಹಲವು ದೇಶಗಳ 41 ಬೆಳೆ ವ್ಯವಸ್ಥೆಗಳನ್ನು ಒಟ್ಟಿಗೆ ನೋಡಿದ 2013ರ ಅಧ್ಯಯನವೂ ಇದನ್ನೇ ಹೇಳಿತು. ಸಾಕುಜೇನು ಎಷ್ಟೇ ಇರಲಿ, ಕಾಡುಕೀಟಗಳು ಬಂದರೆ ಕಾಯಿ ಕಚ್ಚುವುದು ಹೆಚ್ಚುತ್ತದೆ.

ಔಷಧಿ ಹೊಡೆಯಲೇಬೇಕಾದರೆ ಹೂ ಮುದುಡಿದ ಮೇಲೆ, ಸಂಜೆ, ಬದುವಿಗೆ ಸಿಡಿಯದಂತೆ ಹೊಡೆಯಿರಿ.

ಆ ಕುಂಬಳದ ರೈತರು ಪೆಟ್ಟಿಗೆ ತಂದೇ ತಂದರು, ತಪ್ಪೇನಿಲ್ಲ. ಜೊತೆಗೆ ಬದುವಿನ ಆ ತೂತುಗಳ ಎರಡೂ ಕಡೆ ಒಂದೊಂದು ಕಡ್ಡಿ ನೆಟ್ಟಿದ್ದಾರೆ. ಟ್ರ್ಯಾಕ್ಟರ್ ಅದರಾಚೆಯೇ ತಿರುಗಲಿ ಅಂತ.