ಟಿಕೆಟ್ ಇಲ್ಲದವರು ಎಲ್ಲಿವರೆಗೆ ಬರಬಹುದು?

ಕಲಾ ಮ್ಯೂಸಿಯಂ ಕಟ್ಟಿಸುವವರು ಮೊದಲು ಕೇಳುವುದು ಗ್ಯಾಲರಿ ಎಷ್ಟು ದೊಡ್ಡದಿರಬೇಕು ಅಂತ. ವಾಸ್ತುಶಿಲ್ಪಿಯಾದ ನಾನು ಅವರನ್ನು ಕೇಳುವುದು ಬೇರೆ: ಟಿಕೆಟ್ ಕೊಳ್ಳದವರು ಎಲ್ಲಿವರೆಗೆ ಬರಬಹುದು?

ಚಿತ್ರಕ್ಕೂ ಬೀದಿಗೂ ಸುಲಭಕ್ಕೆ ಹೊಂದಿಕೆ ಆಗುವುದಿಲ್ಲ. ಕಾಗದದ ಮೇಲಿನ ಜಲವರ್ಣಕ್ಕೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕೇ ಮಿತಿ. ಅದಕ್ಕಿಂತ ಜಾಸ್ತಿಯಾದರೆ ಬಣ್ಣ ಬೇಗ ಮಾಸುತ್ತದೆ. ತೇವ, ದೂಳು, ಕಳ್ಳತನದ ಭಯ ಬೇರೆ. ಹೀಗಾಗಿ ಕಿಟಕಿಯಿಲ್ಲದ ಗೋಡೆ ಏಳುತ್ತದೆ. ಗೋಡೆಯ ಮುಂದೆ ಕಾಂಪೌಂಡು, ಕಾಂಪೌಂಡಿಗೆ ಗೇಟು, ಗೇಟಿಗೆ ಕಾವಲು. ಎದುರಿನ ಬಸ್‌ಸ್ಟಾಪಿನಲ್ಲಿ ನಿಂತವರಿಗೆ ‘ಇದು ನಮಗಲ್ಲ’ ಅನ್ನಿಸಲು ಇಷ್ಟು ಸಾಕು, ಅಲ್ವಾ?

ಈ ಗಂಟನ್ನು ನನಗೆ ಗೊತ್ತಿರುವಂತೆ ಚೆನ್ನಾಗಿ ಬಿಡಿಸಿದವರು ಲೀನಾ ಬೊ ಬಾರ್ಡಿ. ಇಟಲಿಯಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ನೆಲೆಸಿದ ವಾಸ್ತುಶಿಲ್ಪಿ. ಅವರ ಮಾಸ್ಪ್ ಮ್ಯೂಸಿಯಂ ಸಾವೊ ಪಾಲೊ ನಗರದ ಪೌಲಿಸ್ತಾ ಅವೆನ್ಯೂದಲ್ಲಿ 1968ರಲ್ಲಿ ತೆರೆಯಿತು. ಮೊದಲು ಅಲ್ಲಿ ಜನ ನಿಂತು ಕೆಳಗಿನ ಕಣಿವೆ ನೋಡುವ ಜಾಗವಿತ್ತು. ಹೊಸ ಕಟ್ಟಡ ಆ ನೋಟವನ್ನು ಮುಚ್ಚುವಂತಿರಲಿಲ್ಲ. ಲೀನಾ ಕಟ್ಟಡವನ್ನೇ ಎರಡು ಮಾಡಿದರು. ಚಿತ್ರಗಳ ಗ್ಯಾಲರಿಯನ್ನು ನೆಲದಿಂದ 8 ಮೀಟರ್ ಮೇಲಕ್ಕೆ ಎತ್ತಿದರು. ಸಭಾಂಗಣದಂಥವನ್ನು ಇಳಿಜಾರಿನೊಳಗೆ ಇಳಿಸಿದರು. ಮಧ್ಯದಲ್ಲಿ ಉಳಿದದ್ದು 74 ಮೀಟರ್ ಉದ್ದಕ್ಕೆ ನಡುವೆ ಒಂದೂ ಕಂಬವಿಲ್ಲದ ನೆರಳಿನ ಬಯಲು. ಫುಟ್‌ಪಾತಿನಿಂದ ಸೀದಾ ನಡೆದುಬರಬಹುದು. ದಶಕಗಳ ಕಾಲ ಅಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ನಡೆದಿದೆ, ದೊಡ್ಡ ದೊಡ್ಡ ಪ್ರತಿಭಟನೆಗಳು ಸೇರಿವೆ. ತಲೆಯ ಮೇಲೆ ಚಿತ್ರಗಳು, ಕೆಳಗೆ ಊರು.

ಪ್ಯಾರಿಸ್‌ನ ಪೊಂಪಿಡು ಸೆಂಟರ್ ಎಂಬ ಕಲಾಕೇಂದ್ರ ಕೂಡ ತನ್ನ ಜಾಗದಲ್ಲಿ ಹತ್ತಿರಹತ್ತಿರ ಅರ್ಧವನ್ನು ಚೌಕವಾಗಿ ಬಿಟ್ಟುಕೊಟ್ಟಿದೆ. ಆದರೆ ನಮ್ಮ ಬಿಸಿಲಿಗೆ ತೆರೆದ ಚೌಕ ಆಗಿಬರುವುದಿಲ್ಲ. ನಮಗೆ ಮಾಸ್ಪ್‌ನ ನೆರಳೇ ಪಾಠ.

ನಮ್ಮಲ್ಲಿ ಜನಕ್ಕೆ ಚಿತ್ರ ನೋಡುವ ಆಸೆ ಇಲ್ಲ ಅನ್ನುವವರು ವರ್ಷಕ್ಕೊಮ್ಮೆ ನಡೆಯುವ ಚಿತ್ರಸಂತೆಯ ದಿನ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಬರಬೇಕು. ಅವತ್ತು ವಾಹನಗಳಿಲ್ಲ. ಚಿತ್ರಗಳು ಫುಟ್‌ಪಾತಿಗೆ ಬಂದಿರುತ್ತವೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ಬಗ್ಗಿ ಬಗ್ಗಿ ನೋಡುತ್ತಾರೆ, ಬೆಲೆ ಕೇಳುತ್ತಾರೆ. ಅದೇ ಜನ ಉಳಿದ ದಿನ ಗೇಟಿನಾಚೆ ಇರುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಊರಿನ ಗ್ಯಾಲರಿಗೆ ನಾನು ಹೊಂಗೆ ಮರದ ಕೆಳಗೆ, ರಸ್ತೆಯ ಅಂಚಿಗೇ ಒಂದು ಕಲ್ಲುಕಟ್ಟೆಯನ್ನು ನಕ್ಷೆಯಲ್ಲಿ ಬರೆದಿದ್ದೆ. ಎತ್ತರ 450 ಮಿಲಿಮೀಟರ್, ಹಿರಿಯರು ಕೈಯೂರದೆ ಏಳುವಷ್ಟು. ಹಳೇ ಮನೆಗಳ ಜಗಲಿಯ ಹಾಗೆ, ಯಾರನ್ನೂ ಕೇಳದೆ ಕೂರುವ ಜಾಗ. ತೆರೆದ ವಾರದಲ್ಲೇ ಅದರ ಮೇಲೆ ಕಬ್ಬಿಣದ ಮುಳ್ಳುಪಟ್ಟಿ ಬಂತು. ಕಾರಣ ಕೇಳಿದೆ. ‘ಸುಮ್ನೆ ಬಂದು ಕೂತ್ಕೋತಾರೆ ಸಾರ್’ ಅಂದರು ಕಾವಲಿನವರು. ಕಟ್ಟೆ ಇದ್ದದ್ದೇ ಅದಕ್ಕೆ ಎಂದು ನಾನು ಅವರ ಜೊತೆ ಒಮ್ಮೆಯೂ ಕೂತು ಮಾತಾಡಿರಲಿಲ್ಲ.

ಆಮೇಲಿನಿಂದ ಮೊದಲ ನಕ್ಷೆಯನ್ನು ಕಾವಲಿನವರ ಮುಂದೆಯೇ ಬಿಡಿಸುತ್ತೇನೆ. ಬ್ಯಾಗ್ ತಪಾಸಣೆ ಎಲ್ಲಿ ಅಂತ ಅವರೇ ಬೆರಳಿಟ್ಟು ತೋರಿಸುತ್ತಾರೆ. ಈಗ ಕೈಯಲ್ಲಿರುವ ಕೆಲಸದಲ್ಲಿ ಅದು ರಸ್ತೆಯಿಂದ 22 ಮೀಟರ್ ಒಳಗೆ, ಗ್ಯಾಲರಿಯ ಬಾಗಿಲಲ್ಲಿದೆ. ಆ 22 ಮೀಟರಿನಲ್ಲಿ ನೆರಳಿದೆ, ಕಟ್ಟೆಯಿದೆ, ಕುಡಿಯುವ ನೀರಿನ ನಲ್ಲಿಯಿದೆ, ಎಲ್ಲರಿಗೂ ತೆರೆದ ಶೌಚಾಲಯವಿದೆ. ಕಟ್ಟೆಗೆ ಎದುರಾಗಿ ಒಂದು ಉದ್ದನೆಯ ಗೋಡೆ ಖಾಲಿ ಬಿಟ್ಟಿದ್ದೇವೆ. ಅದರ ಮೇಲೆ ಏನು ಬರೆಯಬೇಕು ಅಂತ ಪಕ್ಕದ ಶಾಲೆಯ ಮಕ್ಕಳು ಈಗಾಗಲೇ ಜಗಳ ಶುರು ಮಾಡಿದ್ದಾರೆ.