ನಂಬರ್ ಇಲ್ಲದ ರಾಷ್ಟ್ರಪತಿ: ಸಾವಳಗಿಯ ಜತ್ತಿ ಮತ್ತು ಖಾಲಿಯಾದ ಕುರ್ಚಿ

ಭಾರತದ ಐದನೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್. ಆರನೆಯವರು ನೀಲಂ ಸಂಜೀವ ರೆಡ್ಡಿ. ಇವರಿಬ್ಬರ ನಡುವೆ ಸುಮಾರು ಐದೂವರೆ ತಿಂಗಳು ಆ ಕುರ್ಚಿಯಲ್ಲಿ ಕೂತವರು ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿ. ಅವರಿಗೆ ಮಾತ್ರ ನಂಬರ್ ಇಲ್ಲ. ಬಾಗಲಕೋಟೆ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನಡುವೆ ಇದು ಒಳ್ಳೆ ವಾದದ ವಿಷಯ. ನಮ್ಮ ಜಿಲ್ಲೆಯವರು ರಾಷ್ಟ್ರಪತಿ ಆಗಿದ್ದರೋ, ಇಲ್ಲವೋ?

ಕೆಲಸ ಮಾಡಿದ್ದರು, ಆಯ್ಕೆಯಾಗಿರಲಿಲ್ಲ.

ದೇಶದ ಮುಖ್ಯಸ್ಥರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರೆ ಮುಂದೇನು? ಬ್ರಿಟನ್ನಿನಲ್ಲಿ ತಲೆಬಿಸಿ ಇಲ್ಲ, ಆ ಕ್ಷಣದಿಂದಲೇ ವಾರಸುದಾರ ರಾಜ. ಅಮೆರಿಕದಲ್ಲಿ 1841ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅಧ್ಯಕ್ಷರಾದ ಒಂದೇ ತಿಂಗಳಿಗೆ ತೀರಿಕೊಂಡರು. ಉಪಾಧ್ಯಕ್ಷ ಜಾನ್ ಟೈಲರ್ ಬರೀ ಉಸ್ತುವಾರಿಯೋ, ಪೂರ್ತಿ ಅಧ್ಯಕ್ಷರೋ ಎಂಬುದು ಸಂವಿಧಾನದಲ್ಲಿ ಸ್ಪಷ್ಟವಿರಲಿಲ್ಲ. ಟೈಲರ್ ಪಟ್ಟು ಹಿಡಿದು ಪೂರ್ತಿ ಅಧ್ಯಕ್ಷರೇ ಆದರು. ಆ ರೂಢಿ ಸಂವಿಧಾನಕ್ಕೆ ಸೇರಿದ್ದು 1967ರಲ್ಲಿ! ಫ್ರಾನ್ಸಿನಲ್ಲಿ ಸೆನೆಟ್ ಅಧ್ಯಕ್ಷರು ಹಂಗಾಮಿಯಾಗಿ ಬರುತ್ತಾರೆ.

ನಮ್ಮಲ್ಲಿ ಉಪರಾಷ್ಟ್ರಪತಿ ಬರುತ್ತಾರೆ, ಆದರೆ ಹಂಗಾಮಿಯಾಗಿ ಮಾತ್ರ. ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಗೆದ್ದವರಿಗೆ ಸಿಗುವುದು ಹಿಂದಿನವರ ಉಳಿದ ಅವಧಿ ಅಲ್ಲ, ಹೊಸ ಐದು ವರ್ಷ. ಹಂಗಾಮಿ ಅಂದರೆ ಅಧಿಕಾರ ಕಡಿಮೆ ಅಂದುಕೊಳ್ಳಬೇಡಿ. ಸಂವಿಧಾನದ 65ನೇ ವಿಧಿ ಅವರಿಗೆ ರಾಷ್ಟ್ರಪತಿಯ ಎಲ್ಲ ಅಧಿಕಾರ ಕೊಡುತ್ತದೆ. 1969ರಲ್ಲಿ ಜಾಕಿರ್ ಹುಸೇನ್ ತೀರಿಕೊಂಡಾಗ ವಿ.ವಿ. ಗಿರಿ ಹಂಗಾಮಿಯಾದರು. 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಜುಲೈ 19ರಂದು ಸಹಿ ಹಾಕಿದವರು ಅವರೇ. ಮಾರನೇ ದಿನ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಈಗ ಉಪರಾಷ್ಟ್ರಪತಿಯೂ ಇಲ್ಲ. ಇಂಥ ಹೊತ್ತಿಗೆ ಯಾರು ಎಂಬುದಕ್ಕೆ ಅದೇ ವರ್ಷ ಕಾನೂನು ಆಗಿತ್ತು. ಹಾಗಾಗಿ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಆ ಕುರ್ಚಿಗೆ ಬಂದರು.

ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡು, ಆಗ ಉಪರಾಷ್ಟ್ರಪತಿಯಾಗಿದ್ದ ಜತ್ತಿ ಅವರ ಸರದಿ ಬಂದದ್ದು 1977ರ ಫೆಬ್ರುವರಿ 11ಕ್ಕೆ. ದೇಶದಲ್ಲಿ ತುರ್ತು ಪರಿಸ್ಥಿತಿ, ಲೋಕಸಭೆ ಚುನಾವಣೆ ಮುಂದಿತ್ತು. ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಒಡಿಶಾ ರಾಜ್ಯಪಾಲ, ಹೀಗೆ ಅವರು ಎಲ್ಲ ಮೆಟ್ಟಿಲು ಹತ್ತಿ ಬಂದವರು. ಇಂದಿರಾ ಗಾಂಧಿ ಸೋತರು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಅವರಿಗೆ ಜತ್ತಿ ಪ್ರಮಾಣ ವಚನ ಬೋಧಿಸಿದರು. ಮಜಾ ನೋಡಿ, ನಮ್ಮ ಭಾಗ ಮುಂಬೈ ರಾಜ್ಯದಲ್ಲಿದ್ದಾಗ, ಇದೇ ಮೊರಾರ್ಜಿ ಮುಖ್ಯಮಂತ್ರಿ, ಆ ಸರ್ಕಾರದಲ್ಲಿ ಜತ್ತಿ ಉಪಮಂತ್ರಿ.

ನಿಜವಾದ ಇಕ್ಕಟ್ಟು ಏಪ್ರಿಲ್‌ನಲ್ಲಿ. ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಬೇಕು ಎಂದು ಜನತಾ ಸರ್ಕಾರ ಹೊರಟಿತು. ಲೋಕಸಭೆಯಲ್ಲಿ ಜನ ತಿರಸ್ಕರಿಸಿದ ಮೇಲೆ ಆ ಸರ್ಕಾರಗಳು ಯಾಕಿರಬೇಕು ಎಂಬುದು ಗೃಹ ಸಚಿವ ಚರಣ್ ಸಿಂಗ್ ವಾದ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಏಪ್ರಿಲ್ 29ರಂದು ಸೋತವು. ಸಂಪುಟದ ಶಿಫಾರಸು ಜತ್ತಿ ಅವರ ಕೈಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೋ ಗದ್ದಲ. ಮಾರನೇ ದಿನ, 30ರಂದು, ಸಹಿ ಬಿತ್ತು.

ಇದನ್ನು ಕಾಂಗ್ರೆಸ್ ನಿಷ್ಠೆ ಎಂದು ಜರೆದವರು ಆಗ ಜಾಸ್ತಿ. ಇರಬಹುದು. ಆದರೆ ಅವರ ಕೈ ಎಷ್ಟು ಕಟ್ಟಿತ್ತು ಎಂಬುದನ್ನೂ ನೋಡಬೇಕಲ್ವಾ? 1976ರ 42ನೇ ತಿದ್ದುಪಡಿ, ಸಂಪುಟ ಹೇಳಿದಂತೆ ರಾಷ್ಟ್ರಪತಿ ನಡೆಯಲೇಬೇಕು ಎಂದು ಬರೆದಿಟ್ಟಿತ್ತು. ‘ಇನ್ನೊಮ್ಮೆ ಯೋಚಿಸಿ’ ಎಂದು ಕಡತ ವಾಪಸ್ ಕಳಿಸುವ ಅವಕಾಶ ಅದರಲ್ಲಿ ಇರಲಿಲ್ಲ. ನನ್ನ ಪ್ರಕಾರ ಅವರ ಕೈಲಿ ಉಳಿದದ್ದು ಒಂದು ದಿನ ತಡ ಮಾಡುವುದಷ್ಟೇ. ಹಂಗಾಮಿ ಬದಲು ಆಯ್ಕೆಯಾದ ರಾಷ್ಟ್ರಪತಿ ಇದ್ದಿದ್ದರೂ ಇಷ್ಟೇ.

ಜುಲೈ 25ರಂದು ಸಂಜೀವ ರೆಡ್ಡಿ ಅಧಿಕಾರ ವಹಿಸಿಕೊಂಡರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ರಾಷ್ಟ್ರಪತಿಯ ಪ್ರಮಾಣ ವಚನವೂ ಅದೇ ತಾರೀಖಿಗೆ, ಯಾಕೆಂದರೆ ಆಮೇಲೆ ಯಾರ ಅವಧಿಯೂ ನಡುವೆ ಮುರಿದಿಲ್ಲ.

ಶಿಫಾರಸನ್ನು ಒಂದು ಸಲ ಹಿಂದಕ್ಕೆ ಕಳಿಸುವ ಅವಕಾಶ ಸಿಕ್ಕಿದ್ದು 1978ರ 44ನೇ ತಿದ್ದುಪಡಿಯಿಂದ. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ತರಲು ಗುಜ್ರಾಲ್ ಸಂಪುಟ ಶಿಫಾರಸು ಮಾಡಿದಾಗ ಕೆ.ಆರ್. ನಾರಾಯಣನ್ ಅದನ್ನು ಬಳಸಿದರು. ಸಂಪುಟ ಶಿಫಾರಸು ಕೈಬಿಟ್ಟಿತು.