ಬೆತ್ತಲೆ ಎಂದರೆ ಅಶ್ಲೀಲವೇ? ಕಲಂ 296 ಓದುವ ಬಗೆ

ತುಮಕೂರಿನ ಹತ್ತಿರದ ಮಂದರಗಿರಿಗೆ ಹೋದವರು ಪಿಂಛಿಯಾಕಾರದ (ಜೈನ ಮುನಿಗಳು ಹಿಡಿಯುವ ನವಿಲುಗರಿಯ ಕುಂಚದ ಆಕಾರದ) ಗುರುಮಂದಿರ ನೋಡಿರುತ್ತೀರಿ. ದಿಗಂಬರ ಮುನಿಗಳು ರಸ್ತೆಯಲ್ಲಿ ವಿಹಾರ ಹೊರಟರೆ ಜನ ಕೈಮುಗಿಯುತ್ತಾರೆ. ದೇವರಾಯನದುರ್ಗದ ದಾರಿಯಲ್ಲಿ ಒಬ್ಬ ನ್ಯಾಚುರಿಸ್ಟ್, ಅಂದರೆ ಬೆತ್ತಲೆಯಾಗಿರುವುದೇ ಸಹಜ ಬದುಕು ಎಂದು ನಂಬಿದವನು, ಹಾಗೇ ನಡೆದರೆ? ‘ಬೆತ್ತಲೆ ಅಪರಾಧ’ ಎಂದು ಉತ್ತರ ಬರೆದರೆ ತಪ್ಪು. ‘ಬೆತ್ತಲೆ ಹಕ್ಕು’ ಎಂದು ಬರೆದರೂ ತಪ್ಪೇ.

ಮುನಿಗಳ ಆಚರಣೆಗೆ ಸಂವಿಧಾನದ 25ನೇ ವಿಧಿಯ (ಧಾರ್ಮಿಕ ಸ್ವಾತಂತ್ರ್ಯ) ಆಸರೆಯಿದೆ. ಅದು ಕೂಡ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟಿದ್ದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಭಕ್ತರು ಬೆತ್ತಲೆಯಾಗಿ ದೇವಿಗೆ ಸಲ್ಲಿಸುತ್ತಿದ್ದ ಬೆತ್ತಲೆ ಸೇವೆ 1986ರ ಗಲಭೆಯ ನಂತರ ನಿಷೇಧವಾದದ್ದು ನೆನಪಿರಲಿ. ನ್ಯಾಚುರಿಸ್ಟನಿಗೆ 25ನೇ ವಿಧಿ ಒದಗುವುದಿಲ್ಲ. ಅವನು 19(1)(ಎ) (ಅಭಿವ್ಯಕ್ತಿ ಸ್ವಾತಂತ್ರ್ಯ) ಅಥವಾ 21ನೇ ವಿಧಿಯನ್ನು (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ) ಹಿಡಿಯಬೇಕು. 19(2)ರಲ್ಲಿ ‘ಸಭ್ಯತೆ ಅಥವಾ ನೈತಿಕತೆ’ ಎಂಬ ನಿರ್ಬಂಧ ಕಾದಿರುತ್ತದೆ.

ಇನ್ನು ಅಪರಾಧದ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 296 ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) 294ರ ಜಾಗಕ್ಕೆ ಬಂದಿದೆ. ಶಿಕ್ಷೆ 3 ತಿಂಗಳವರೆಗೆ ಸೆರೆ, ಇಲ್ಲವೆ 1,000 ರೂ.ವರೆಗೆ ದಂಡ, ಇಲ್ಲವೆ ಎರಡೂ. ‘ಬೆತ್ತಲೆ’ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಅಶ್ಲೀಲ ಕೃತ್ಯವಾಗಿರಬೇಕು, ಸಾರ್ವಜನಿಕ ಸ್ಥಳದಲ್ಲಿ ನಡೆದಿರಬೇಕು, ಇತರರಿಗೆ ಕಿರಿಕಿರಿಯಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅಪರಾಧ ನಿಲ್ಲುವುದಿಲ್ಲ. ಹಾಡು, ಮಾತಿಗೆ ‘ಸಾರ್ವಜನಿಕ ಸ್ಥಳದಲ್ಲಿ ಅಥವಾ ಅದರ ಸಮೀಪ’ ಎಂದಿದೆ. ಕೃತ್ಯಕ್ಕೆ ‘ಸ್ಥಳದಲ್ಲಿ’ ಎಂದಷ್ಟೇ. ಗೋಡೆ ಹಾಕಿದ ತೋಟದ ಮನೆಯ ಒಳಗಿನ ಪ್ರಕರಣದಲ್ಲಿ ವಾದವೆಲ್ಲ ಈ ಒಂದು ಪದದ ಮೇಲೆ ನಿಲ್ಲುತ್ತದೆ.

ಅಶ್ಲೀಲ ಯಾವುದು? ಸುಪ್ರೀಂ ಕೋರ್ಟಿನ 1965ರ ರಂಜಿತ್ ಉದೇಶಿ ತೀರ್ಪು ಇಂಗ್ಲೆಂಡಿನ ಹಿಕ್ಲಿನ್ ಅಳತೆಗೋಲನ್ನು (ಸುಲಭವಾಗಿ ಪ್ರಭಾವಕ್ಕೊಳಗಾಗುವ ಮನಸ್ಸನ್ನು ಕೆಡಿಸುವಂತಿದ್ದರೆ ಅಶ್ಲೀಲ) ಒಪ್ಪಿತ್ತು. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೈಬಿಟ್ಟು, ಇಂದಿನ ಸಮುದಾಯದ ಮಟ್ಟದಿಂದ ಅಳೆಯಬೇಕೆಂದಿತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ತನ್ನ ಭಾವೀ ಪತ್ನಿಯೊಡನೆ ಬೆತ್ತಲೆಯಾಗಿ ತೆಗೆಸಿಕೊಂಡಿದ್ದ ಚಿತ್ರ ಅಶ್ಲೀಲವಲ್ಲ ಎಂದಿತು. ಬೆತ್ತಲೆ ಮತ್ತು ಅಶ್ಲೀಲ ಒಂದೇ ಅಲ್ಲ ಎಂದು 2023ರ ಜೂನ್‌ನಲ್ಲಿ ಕೇರಳ ಹೈಕೋರ್ಟ್ ಕೂಡ ಹೇಳಿತು. ಆದರೆ ಇವು ಚಿತ್ರ, ವಿಡಿಯೊಗಳ ತೀರ್ಪುಗಳು. ಹೆಂಗಸರು ಬಟ್ಟೆ ಒಗೆಯುವ ಕೆರೆ ಏರಿಯ ಮೇಲೆ ನಿಂತವನಿಗೆ ಇವನ್ನು ನೇರವಾಗಿ ಅಂಟಿಸಲು ಬರುವುದಿಲ್ಲ.

ಹೊರದೇಶದ ಬರಹ ಓದುವಾಗ ಎಚ್ಚರ ಬೇಕು. ಇಂಗ್ಲೆಂಡಿನ 2003ರ ಲೈಂಗಿಕ ಅಪರಾಧಗಳ ಕಾಯ್ದೆಯ ಕಲಂ 66ರಲ್ಲಿ, ನೋಡಿದವರು ಗಾಬರಿಯಾಗಲಿ ಅಥವಾ ನೊಂದುಕೊಳ್ಳಲಿ ಎಂಬ ಉದ್ದೇಶ ಸಾಬೀತಾಗಬೇಕು. ನಮ್ಮ 296ರಲ್ಲಿ ಆ ಮಾತಿಲ್ಲ. ‘ನನಗೆ ಕೆಟ್ಟ ಉದ್ದೇಶವಿರಲಿಲ್ಲ’ ಎಂಬುದೊಂದೇ ಇಲ್ಲಿ ಸಾಲದು. ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಉದ್ದೇಶ ಕಂಡರಂತೂ ನಮ್ಮ ನ್ಯಾಯ ಸಂಹಿತೆಯ ಕಲಂ 79 ಬರುತ್ತದೆ. ಅದರಲ್ಲಿ 3 ವರ್ಷದವರೆಗೆ ಸೆರೆ.

ಹೆಚ್ಚಿನವರು ಎಡವುವುದು ಫೋಟೊದಲ್ಲಿ. ನಿರ್ಜನ ಬೆಟ್ಟದಲ್ಲಿ ಯಾರಿಗೂ ಕಿರಿಕಿರಿಯಾಗದೆ 296 ಬಿದ್ದುಹೋದರೂ, ಚಿತ್ರವನ್ನು ಜಾಲತಾಣಕ್ಕೆ ಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67 ಎದುರಾಗಬಹುದು. ಅಲ್ಲಿ ಚಿತ್ರ ಅಶ್ಲೀಲವೆಂದು ಸಾಬೀತಾದರೆ ಸಾಕು, ಕಿರಿಕಿರಿಯ ಪುರಾವೆ ಬೇಕಿಲ್ಲ. ಮೊದಲ ಸಲಕ್ಕೇ 3 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ನಡೆದದ್ದಕ್ಕಿಂತ ಅದರ ಚಿತ್ರ ದುಬಾರಿ.

ಕೇಸು ದಾಖಲಾದರೆ: 296 ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು), ಆದರೆ ಜಾಮೀನು ಸಿಗುವ ಅಪರಾಧ. ಜಾಮೀನು ಹಕ್ಕಾಗಿ ಸಿಗಬೇಕು, ಠಾಣೆಯಲ್ಲೇ ಸಿಗಬಹುದು. ಬಂಧಿಸಿದರೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ದೂರುದಾರರ ಹೇಳಿಕೆಯಲ್ಲಿ ಯಾರಿಗೆ, ಎಲ್ಲಿ, ಹೇಗೆ ಕಿರಿಕಿರಿಯಾಯಿತು ಎಂದಿದೆಯೇ ನೋಡಿ. ಸಾಕ್ಷಿಗಳೆಲ್ಲ ಪೊಲೀಸ್ ಸಿಬ್ಬಂದಿಯೇ ಆಗಿದ್ದರೆ ಪಾಟೀಸವಾಲು ಅಲ್ಲಿಂದಲೇ ಶುರುವಾಗಬೇಕು.

‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ’ ಎಂದು ಯಾರಾದರೂ ಹೇಳಿದರೆ ಪವನ್ ಕುಮಾರ್ ಪ್ರಕರಣವನ್ನು ನೆನೆಯಿರಿ. ಹರಿಯಾಣದ ಆ ಸರ್ಕಾರಿ ನೌಕರ 1980ರಲ್ಲಿ 294ರಡಿ ತಪ್ಪೊಪ್ಪಿಕೊಂಡು 20 ರೂಪಾಯಿ ದಂಡ ಕಟ್ಟಿದ, ಕೆಲಸ ಕಳೆದುಕೊಂಡ. 294ರಡಿ ಶಿಕ್ಷೆಯಾದ ಮಾತ್ರಕ್ಕೆ ಅದು ನೈತಿಕ ಅಧಃಪತನವಾಗದು ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 1996 ಬಂದಿತ್ತು.